ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಸ್ಕೂಲಿನ ಮೇಡಂ ಇಪ್ಪತ್ತೆರಡು ವರ್ಷ ಕಾರಿನಲ್ಲೇ ಕಳೆದಿದ್ದರೂ ಕಾರು ಓಡಿಸಿದ್ದು ಕಡಿಮೆ. ಅವಳ ಜಾಗ ಪಕ್ಕದ ಸೀಟು. ಅಲ್ಲಿ ಅವಳ ಕಾಲ ಕೆಳಗೆ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು. ಕಲಿಯಲು ಬಂದವರು ಗಾಬರಿಬಿದ್ದು ತಪ್ಪಾದದ್ದನ್ನು ಒತ್ತಿದಾಗ ಇವಳು ಸರಿಯಾದದ್ದನ್ನು ಒತ್ತುತ್ತಿದ್ದಳು. ಎಷ್ಟು ನಯವಾಗಿ ಒತ್ತುತ್ತಿದ್ದಳೆಂದರೆ, ಎಷ್ಟೋ ಜನ ಗಾಡಿ ನಿಲ್ಲಿಸಿದ್ದು ತಾವೇ ಎಂದು ಬೀಗುತ್ತ ಮನೆಗೆ ಹೋಗುತ್ತಿದ್ದರು.

ಅವಳ ಗಂಡ ದೂರದ ಊರುಗಳಿಗೆ ಹೋಗುವ ಬಸ್ಸಿನ ಡ್ರೈವರ್. ಮೂವತ್ತೊಂದು ವರ್ಷ ಸ್ಟೀರಿಂಗ್ ಹಿಡಿದ ಮನುಷ್ಯ. ಹೆಂಡತಿಯ ಕಸುಬಿನ ಬಗ್ಗೆ ಅವನಿಗೆ ಅಂಥ ಗೌರವವೇನೂ ಇರಲಿಲ್ಲ. "ನೀನು ಕಲಿಸೋದು ಗಾಡಿ ಓಡಿಸೋದನ್ನಲ್ಲ ಕಣೇ, ನಿಲ್ಲಿಸೋದನ್ನ," ಎನ್ನುತ್ತಿದ್ದ. "ನಿಲ್ಲಿಸೋಕೆ ಬರದವರು ಓಡಿಸಿದ್ರೆ ಏನಾಗತ್ತೆ ಅಂತ ಆಸ್ಪತ್ರೇಲಿ ಹೋಗಿ ಕೇಳಿ," ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಉಂಡು, ಮಲಗಿ, ಎದ್ದು ಹಲ್ಲುಜ್ಜಿದ ಮೇಲೂ ನಡೆಯುತ್ತಿತ್ತು. ಅದಿಲ್ಲದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಜಗಳ ಮುಗಿದ ಮೇಲೆ ಕಾರಿನ ಸುದ್ದಿ. ಅವನ ದಾರಿಯ ಕೊನೆಯ ನಿಲ್ದಾಣದ ಹತ್ತಿರ ಒಂದು ಫೋಟೋ ಸ್ಟುಡಿಯೋ, ಅದರ ಹಿತ್ತಲಲ್ಲಿ ಹರಿದ ಕವರಿನ ಕೆಳಗೆ ಒಂದು ಹಳೇ ಸ್ಪೋರ್ಟ್ಸ್ ಕಾರು. ಎರಡೇ ಸೀಟಿನದು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಬೀದಿಯಲ್ಲಿ ನಡೆದು ಹೋಗುವವರಿಗೆ ಅದು ಕಾಣುತ್ತಿರಲಿಲ್ಲ, ಕಾಂಪೌಂಡಿನ ಗೋಡೆ ಅಡ್ಡ. ಬಸ್ಸಿನ ಡ್ರೈವರ್ ಸೀಟಿನ ಎತ್ತರಕ್ಕೆ ಮಾತ್ರ ಕಾಣುತ್ತಿತ್ತು. ಹಾಗಾಗಿ ಅದು ತನ್ನೊಬ್ಬನದೇ ಎಂಬಂತೆ ಅವನು ವರ್ಷಗಟ್ಟಲೆ ಅದರ ವರದಿ ತಂದ. ಇವತ್ತು ಕವರ್ ಹಾರಿದೆ, ಬಾನೆಟ್ ಮೇಲೆ ಬೆಕ್ಕು ಮರಿ ಹಾಕಿದೆ, ಮುಂದಿನ ಟಯರು ಪೂರ್ತಿ ಕೂತುಬಿಟ್ಟಿದೆ ಎಂದು, ಸಂಬಂಧಿಕರ ಕಷ್ಟಸುಖ ಹೇಳುವ ಹಾಗೆ ಹೇಳುತ್ತಿದ್ದ. ಅವಳು ಸೊಪ್ಪು ಬಿಡಿಸುತ್ತ "ಹೂಂ" ಎನ್ನುತ್ತಿದ್ದಳು. ಆಗ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಆಮೇಲೆ ಅವನ ಕಣ್ಣು ಕೈಕೊಟ್ಟಿತು. ಪೂರ್ತಿ ಅಲ್ಲ. ನೇರ ಎದುರಿನದು ಕಾಣುತ್ತಿತ್ತು, ಅಕ್ಕಪಕ್ಕದ್ದು ಕರಗಿಹೋಗಿತ್ತು. ಕೊಳವೆಯೊಳಗಿಂದ ಇಣುಕಿದ ಹಾಗೆ ಎಂದು ಡಾಕ್ಟರು ವಿವರಿಸಿದರು, ಹೋದದ್ದು ಬರುವುದಿಲ್ಲ ಎಂದೂ ಹೇಳಿದರು. ಬಸ್ಸಿನ ಕೀಲಿ ಡಿಪೋದಲ್ಲಿ ಕೊಟ್ಟು ಬಂದ. ಅಂದಿನಿಂದ ಬಾಗಿಲ ಚೌಕಟ್ಟಿಗೆ ಭುಜ ಬಡಿದರೂ ಅವನು ತುಟಿ ಪಿಟಕ್ಕೆನ್ನಲಿಲ್ಲ. ಜಗಳ ನಿಂತಿತು. ಅವಳು ಬೇಕೆಂದೇ ಸಾರಿಗೆ ಉಪ್ಪು ಹಾಕದೆ ನೋಡಿದಳು, ಅದನ್ನೂ ಸುಮ್ಮನೆ ಉಂಡು ಎದ್ದ. ಎಂಟು ತಿಂಗಳು ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಇನ್ನೊಂದು ಸದ್ದಿರಲಿಲ್ಲ. ಎದುರಿಗೇ ಕೂತಿದ್ದ ಗಂಡನಿಗಾಗಿ ಅವಳು ಹಂಬಲಿಸಿದಳು. ಊರಿಗೆ ಹೋದವರಿಗಾದರೆ ಕಾಯಬಹುದು, ಇವನಿಗೆ ಹೇಗೆ ಕಾಯುವುದೆಂದು ಅವಳಿಗೆ ತಿಳಿಯಲಿಲ್ಲ.

ಒಂದು ದಿನ ಕ್ಲಾಸು ಮುಗಿಸಿ ಅವಳೇ ಆ ಸ್ಟುಡಿಯೋಗೆ ಹೋದಳು. ಕಾರು ಅಲ್ಲೇ ಇತ್ತು. ತಳ ತುಕ್ಕು ಹಿಡಿದು ಬೆರಳು ತೂರುವಷ್ಟು ತೂತಾಗಿತ್ತು, ಸೀಟಿನ ಸ್ಪಂಜನ್ನು ಇಲಿಗಳು ಸಂಸಾರಕ್ಕೆ ಬಳಸಿಕೊಂಡಿದ್ದವು. ಗುಜರಿಯವನಿಗೆ ಕೊಡಬೇಕೆಂದಿದ್ದ ಮಾಲೀಕ, ಕೊಳ್ಳುತ್ತೇನೆಂದು ಒಬ್ಬ ಹೆಂಗಸು ಬಂದದ್ದನ್ನು ನೋಡಿ ಮೊದಲು ನಕ್ಕ, ಆಮೇಲೆ ಬೆಲೆ ಏರಿಸಿದ, ಇವಳು ತಿರುಗಿ ಹೊರಟ ಮೇಲೆ ಇಳಿಸಿದ. ಹಲ್ಲು ಕಟ್ಟಿಸಿಕೊಳ್ಳಲು ಕೂಡಿಟ್ಟ ದುಡ್ಡಿನಲ್ಲಿ ಕಾರು ಮನೆ ಮುಂದೆ ಬಂದು ಬಿತ್ತು.

ಮೇಲ್ಮಹಡಿಯಲ್ಲಿದ್ದ ನಾದಿನಿ ಸೊಂಟದ ಮೇಲೆ ಕೈಯಿಟ್ಟು ಇಳಿದು ಬಂದಳು. "ಅಣ್ಣನಿಗೆ ಕಣ್ಣಿಲ್ಲ, ಅತ್ತಿಗೆಗೆ ತಲೆ ಇಲ್ಲ. ಒಳ್ಳೇ ಜೋಡಿ."

ಅವನು ಮೆಟ್ಟಿಲು ಹುಡುಕಿಕೊಂಡು ಬಂದು ಬಾನೆಟ್ ಮೇಲೆ ಕೈಯಿಟ್ಟ. ಕೈ ಜಾರಿಸುತ್ತ ಒಂದು ಸುತ್ತು ಬಂದ, ಹಿಂಬದಿಯಲ್ಲಿ ನಿಂತ. "ಈ ಕಡೆ ಲೈಟು ಒಡೆದಿದೆ ಅಲ್ವಾ? ಹೋದ ವರ್ಷ ಗಾಳಿಗೆ ಕವರ್ ಹಾರಿದಾಗ ನೋಡಿದ್ದೆ. ಆವತ್ತೇ ಹೇಳಿದ್ದೆ ನಿನಗೆ. ನೀನೆಲ್ಲಿ ಕಿವಿ ಮೇಲೆ ಹಾಕ್ಕೋತೀಯ."

ಎಂಟು ತಿಂಗಳಲ್ಲಿ ಅದೇ ಅವನ ಉದ್ದದ ಮಾತು. ಅವಳು ಒಳಗೆ ಹೋಗಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ಅತ್ತಳು. ಮುಖ ಒರೆಸಿಕೊಳ್ಳುವಾಗಲೇ ನಿರ್ಧರಿಸಿದಳು: ಒಂದೇ ಒಂದು ಸಲ ಈ ಕಾರನ್ನು ಅವನ ಕೈಯಲ್ಲೇ ಓಡಿಸಬೇಕು. ಅದಾದರೆ ತನ್ನ ಗಂಡ ವಾಪಸ್ಸು ಬಂದಾನು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಇವರ ಹಾಸಿಗೆ ಬಲು ಚಿಕ್ಕದು. ಬೀದಿಯ ತುದಿಯ ಮೆಕ್ಯಾನಿಕ್ಕನ್ನು ಕರೆಸಿದರು. ಅವನಿಗೆ ಜನ ಮೌನಿ ಎಂದು ಹೆಸರಿಟ್ಟಿದ್ದರು, ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ. ಮೌನಿ ತಳಕ್ಕೆ ತಗಡಿನ ತೇಪೆ ಬೆಸೆದ, ಗುಜರಿಯಿಂದ ಟಯರು ತಂದ, ಟ್ಯಾಂಕಿನೊಳಗೆ ಜಲ್ಲಿ ಹಾಕಿ ಕುಲುಕಿ ತುಕ್ಕು ಬಿಡಿಸಿದ, ಅಷ್ಟೂ ಹೊತ್ತು ತನ್ನ ಭಾವಮೈದುನನ ಆಸ್ತಿ ವ್ಯಾಜ್ಯ ಹೇಳಿದ. ಅವಳು ತನ್ನ ಹಳೇ ಚರ್ಮದ ಕೈಚೀಲ ಬಿಚ್ಚಿ ಸ್ಟೀರಿಂಗಿಗೆ ಹೊಲಿದಳು. ಚೀಲದ ಜಿಪ್ಪು ಒಂದು ಕಡೆ ಹಾಗೇ ಉಳಿಯಿತು, ಚಿಲ್ಲರೆ ಇಡಲು ಆಗುತ್ತದೆ ಎಂದು ಗಂಡ ಹಂಗಿಸಿದ. ಮುರಿದ ಕುರ್ಚಿಯ ಕಾಲನ್ನು ಅವನೇ ದಿನಗಟ್ಟಲೆ ಉಜ್ಜಿ ಗೇರಿಗೆ ಹಿಡಿ ಮಾಡಿದ. ಸೀಟಿನ ಒಳಗೆ ಮನೆಯ ಹಳೇ ಹಾಸಿಗೆಯ ಹತ್ತಿ ಸೇರಿತು. ಕೆಂಪು ಬಣ್ಣ ಎಂದುಕೊಂಡಿದ್ದರು. ಮೌನಿ ಮಿಕ್ಕ ಡಬ್ಬಿಗಳನ್ನೆಲ್ಲ ಬೆರೆಸಿ ತೋರಿಸಿದ್ದು ಬದನೆಕಾಯಿ ಬಣ್ಣ. ಪುಕ್ಕಟೆ ಸಿಕ್ಕಿದ ಬಣ್ಣಕ್ಕೆ ಹೆಸರು ಕೇಳಬಾರದು ಎಂದು ಒಪ್ಪಿಕೊಂಡರು.

ಎಂಜಿನ್ನನ್ನು ಮಾತ್ರ ಗಂಡ ತಾನು ಹೇಳದೆ ಯಾರಿಗೂ ಮುಟ್ಟಗೊಡಲಿಲ್ಲ. ಕಣ್ಣು ಮುಚ್ಚಿ ಬಾನೆಟ್ಟಿನ ಮೇಲೆ ಬಾಗಿ, ಕಿವಿಯಲ್ಲೇ ಕೆಲಸ ಮಾಡಿದ. "ಎರಡನೇ ಸಿಲಿಂಡರು ಉಸಿರು ಕಟ್ತಿದೆ, ಸ್ಕ್ರೂ ಕಾಲು ಸುತ್ತು ಬಿಡು," ಎನ್ನುವನು. ಮೌನಿ ಬಿಡುವನು, ಎಂಜಿನ್ನು ಸಮ ಆಗುವುದು. ಕಾರ್ಬ್ಯುರೇಟರಿನ ವಿಷಯಕ್ಕೆ ಅವಳಿಗೂ ಅವನಿಗೂ ಒಂದು ಭಾನುವಾರ ಎಷ್ಟು ಜೋರು ಜಗಳವಾಯಿತೆಂದರೆ, ನಾದಿನಿ ಮೇಲಿನಿಂದ ಬಗ್ಗಿ "ಇನ್ನು ಪರವಾಗಿಲ್ಲ ಬಿಡಿ," ಎಂದಳು. ಆದರೆ ಸಂಜೆ ಮೌನಿ ಎಂಜಿನ್ನು ಆರಿಸಿ ಹೋದ ಮೇಲೆ ಅವನು ಬಿಸಿ ಬಾನೆಟ್ಟಿಗೆ ಅಂಗೈ ಒತ್ತಿಕೊಂಡು, ಅದು ತಣ್ಣಗಾಗುವವರೆಗೂ ನಿಂತಿರುತ್ತಿದ್ದ. ಅವಳು ಕಿಟಕಿಯಿಂದ ನೋಡುತ್ತಿದ್ದಳು. ಸ್ಟೀರಿಂಗಿನ ಹಿಂದೆ ಅವನು ಒಂದು ಸಲವೂ ಕೂರಲಿಲ್ಲ.

ಬಣ್ಣ ಬಳಿಯಲು ಕಾರು ಒಂದು ವಾರ ಗ್ಯಾರೇಜಿಗೆ ಹೋಯಿತು. ಅವಳು ಕಾಯುತ್ತಿದ್ದದ್ದು ಅದಕ್ಕೇ. ಸ್ಕೂಲಿನ ಒಂದು ಹಳೇ ಕಾರು ಗುಜರಿಗೆ ಹೊರಟಿತ್ತು. ಅದರ ಪಕ್ಕದ ಸೀಟಿನ ಪೆಡಲುಗಳನ್ನು ಕೇಬಲ್ ಸಮೇತ ಬಿಚ್ಚಿಸಿ, ಬಟ್ಟೆಯಲ್ಲಿ ಸುತ್ತಿ ಮೌನಿಯ ಮುಂದೆ ಇಟ್ಟಳು.

ಮೌನಿ ತಲೆ ಕೆರೆದುಕೊಂಡ. "ಮೇಡಂ, ಇದು ಸ್ಪೋರ್ಟ್ಸ್ ಕಾರು. ಇದಕ್ಕೆ ಸ್ಕೂಲ್ ಬ್ರೇಕು ಹಾಕೋದು ಅಂದ್ರೆ ಮದುಮಗನ ಕೈಗೆ ಊರುಗೋಲು ಕೊಟ್ಟ ಹಾಗೆ."

"ಮದುಮಗನಿಗೆ ವಯಸ್ಸಾಗಿದೆ. ಹಾಕು. ಅವರಿಗೆ ಹೇಳಿದ್ಯೋ, ನಿನ್ನ ಭಾವಮೈದುನನ ಕಥೆ ಇನ್ನು ನನ್ನ ಹತ್ರ ಹೇಳೋ ಹಾಗಿಲ್ಲ."

ಆ ಬೆದರಿಕೆ ನಾಟಿತು. ಜೀವನದಲ್ಲಿ ಮೊದಲ ಸಲ ಮೌನಿ ತನ್ನ ಹೆಸರು ಉಳಿಸಿಕೊಂಡ.

ಡ್ರೈವಿಂಗ್ ಟೆಸ್ಟು ನಡೆಯುವ ಮೈದಾನಕ್ಕೆ ಭಾನುವಾರ ರಜೆ. ಕಾವಲುಗಾರನಿಗೆ ಮೇಡಂ ಹಳೇ ಪರಿಚಯ, ಗೇಟು ತೆಗೆದ. ಎಂಟೂವರೆಯ ಬಿಸಿಲು, ನೆಲದ ಮೇಲೆ ಮಾಸಿದ ಬಿಳಿ ಗೆರೆಗಳು, ಮಧ್ಯೆ ನೇರ ದಾರಿ, ತುದಿಯಲ್ಲಿ ತಿರುವು. ಅವಳು ಕಾರು ನಿಲ್ಲಿಸಿ ಇಳಿದು, ಪೆಡಲು ಕಾಲಿಗೆ ಸಿಗಬಾರದೆಂದು ತಾನೇ ಹಿಂದೆ ಮೌನಿಯ ಸ್ಕೂಟರಿನಲ್ಲಿ ಕರೆಸಿದ್ದ ಗಂಡನ ಕೈಗೆ ಕೀಲಿ ಇಟ್ಟಳು.

"ಓಡಿಸಿ ರೀ."

"ತಲೆಗಿಲೆ ಕೆಟ್ಟಿದೆಯಾ?"

"ಮುಂದಿಂದು ಕಾಣತ್ತಲ್ಲ? ಪಕ್ಕದ್ದು ನಾನು ನೋಡ್ತೀನಿ."

ಅವನು ಬಹಳ ಹೊತ್ತು ಕೀಲಿಯನ್ನು ಬೆರಳಲ್ಲಿ ತಿರುವುತ್ತ ನಿಂತ. ಆಮೇಲೆ ಒಳಗೆ ತೂರಿ ಕೂತ. ಎಂಜಿನ್ನು ಎದ್ದಿತು. ಒಂದನೇ ಗೇರು, ಎರಡು, ಮೂರು. ಅವನ ಕುಗ್ಗಿದ್ದ ಭುಜಗಳು ತಮ್ಮ ಜಾಗಕ್ಕೆ ಬಂದು ಕೂತವು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. "ಕೇಳು ಅದನ್ನ," ಎಂದ ಎಂಜಿನ್ನಿಗೆ ಕಿವಿಗೊಟ್ಟು, "ಎರಡನೇ ಸಿಲಿಂಡರು ಹೇಗೆ ಹಾಡ್ತಿದೆ ಕೇಳು." ಅವಳು ಅವನ ಮುಖ ನೋಡಿದಳು. ಇದೇ ಮುಖಕ್ಕಾಗಿ ಅಲ್ಲವೇ ಹಲ್ಲಿಲ್ಲದೆ ಇಷ್ಟು ದಿನ ಒಂದೇ ಕಡೆ ಅಗಿದದ್ದು ಎಂದುಕೊಂಡಳು. ಆ ಒಂದು ನಿಮಿಷ ಅವಳು ಪೂರ್ತಿ ಸುಖವಾಗಿದ್ದಳು.

ತಿರುವಿನ ಅಂಚಿನಲ್ಲಿ ಗುರುತಿಗೆಂದು ಇಟ್ಟ ಡ್ರಮ್ಮು ಅವನ ಕಣ್ಣಿಗೆ ಬೀಳಲಿಲ್ಲ. ಅವಳು ಒತ್ತಿದಳು. ಇಪ್ಪತ್ತೆರಡು ವರ್ಷದ ನಯವನ್ನೆಲ್ಲ ಅಂಗಾಲಿಗೆ ತಂದು ಒತ್ತಿದಳು. ಕಲಿಯುವ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ಆದರೆ ಎರಡು ಪೆಡಲೂ ಒಂದೇ ಕೇಬಲ್ಲಿಗೆ ಸೇರಿದವು. ಇವಳದು ಇಳಿದರೆ ಅವನದೂ ಇಳಿಯುತ್ತದೆ. ಮೂವತ್ತೊಂದು ವರ್ಷ ಬ್ರೇಕಿನ ಮೇಲೆ ಬದುಕಿದ ಕಾಲಿಗೆ, ತಾನು ಮುಟ್ಟುವ ಮೊದಲೇ ಪೆಡಲು ಕೆಳಗೆ ಹೋದದ್ದು ತಿಳಿಯಿತು.

ಅವನು ಕಾರು ನಿಲ್ಲಿಸಿ ಎಂಜಿನ್ ಆರಿಸಿದ.

"ಯಾವಾಗ ಹಾಕಿಸಿದೆ?"

"ಬಣ್ಣಕ್ಕೆ ಬಿಟ್ಟಾಗ."

"ಎಷ್ಟು ಸಲ ಒತ್ತಿದೆ?"

"ಒಂದು ಸಲ."

"ಸುಳ್ಳು ಹೇಳಬೇಡ."

"ಎರಡು. ಹೊರಡುವಾಗ ಒಮ್ಮೆ, ಗಾಡಿ ಪಕ್ಕಕ್ಕೆ ಎಳೀತು."

ಅವನು ಸ್ಟೀರಿಂಗಿನ ಮೇಲಿದ್ದ ಕೈಗಳನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಬೈದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. "ನಾನೂ ನಿನ್ನ ಸ್ಟೂಡೆಂಟ್ ಆದೆ ಅನ್ನು," ಎಂದ ಮೆಲ್ಲಗೆ. ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಕೊಡಲು ಹೋದದ್ದನ್ನು ತಾನೇ ಕೈಯಾರೆ ಕಿತ್ತುಕೊಂಡ ಹಾಗಾಗಿತ್ತು. ಇವನು ಇನ್ನು ಮನೆಗೆ ಹೋಗಿ ಫ್ಯಾನಿನ ಕೆಳಗೆ ಕೂರುತ್ತಾನೆ, ಮತ್ತೆ ಏಳುವುದಿಲ್ಲ ಎಂದು ಹೆದರಿದಳು.

ಅವನು ಇಳಿದು, ಕಾರಿನ ಮೈ ಸವರಿಕೊಂಡು ಈ ಕಡೆ ಬಂದು ಬಾಗಿಲು ತೆರೆದ. "ಇಳಿ. ನೀನು ಓಡಿಸು."

"ಬೇಡ ರೀ, ಮನೆಗೆ ಹೋಗೋಣ."

"ಇಷ್ಟೆಲ್ಲ ಮಾಡಿ ಒಂದು ಸುತ್ತೂ ಸರಿಯಾಗಿ ಹೋಗದೆ ವಾಪಸ್ಸು ಹೋದ್ರೆ ನನ್ನ ತಂಗಿ ಸುಮ್ನೆ ಬಿಡ್ತಾಳಾ? ಇಳಿ."

ಅವಳು ಓಡಿಸಿದಳು. ವೇಗ ಮೂವತ್ತು ದಾಟಲಿಲ್ಲ. ಒಂದು ಸುತ್ತು ಹಾಗೇ ಮುಗಿಯಿತು. ನೇರ ದಾರಿಗೆ ಬಂದಾಗ ಅವಳು ಅಭ್ಯಾಸಬಲದಿಂದ ಪಕ್ಕದವರ ಕಾಲಿನ ಕಡೆ ಒಮ್ಮೆ ನೋಡಿದಳು. ಕಲಿಸುವವರು ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ.

ಅವನ ಎಡಗಾಲು ಕ್ಲಚ್ಚಿನ ಹತ್ತಿರ ಇತ್ತು. ಬಲಗಾಲು ಬ್ರೇಕಿನ ಮೇಲಿರಲಿಲ್ಲ, ಅದರ ಪಕ್ಕದಲ್ಲಿತ್ತು, ಬರಿಯ ನೆಲದ ಮೇಲೆ. ಪಕ್ಕದ ಸೀಟಿಗೆ ಬ್ರೇಕು ಕೊಡುತ್ತಾರೆ, ಕ್ಲಚ್ಚು ಕೊಡುತ್ತಾರೆ. ಆಕ್ಸಿಲರೇಟರನ್ನು ಮಾತ್ರ ಯಾರೂ ಕೊಡುವುದಿಲ್ಲ. ಏನೂ ಇಲ್ಲದ ಆ ಜಾಗದಲ್ಲಿ ಅವನ ಹಿಮ್ಮಡಿ ಊರಿತ್ತು, ಬೆರಳುಗಳು ನಿಧಾನವಾಗಿ ನೆಲವನ್ನು ಒತ್ತುತ್ತಿದ್ದವು. ಕಣ್ಣು ಮುಚ್ಚಿದ್ದ.

ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ದಾರಿ ನೋಡಬೇಕಾಗಿದ್ದರಿಂದ ಅಳಲಿಲ್ಲ. ಅವನ ಕಾಲು ಎಷ್ಟು ಇಳಿದಿತ್ತೋ ಅಷ್ಟೇ ತನ್ನ ಕಾಲನ್ನೂ ಇಳಿಸಿದಳು. ಕಾರು ಮುಂದಕ್ಕೆ ನೆಗೆಯಿತು. ಅವನು ಇನ್ನಷ್ಟು ಒತ್ತಿದ, ಅವಳೂ ಒತ್ತಿದಳು. ಅವನು ಸಡಿಲಿಸಿ ಕ್ಲಚ್ಚು ತುಳಿದ, ಅವಳು ಗೇರು ಬದಲಿಸಿದಳು. ನಲವತ್ತು, ಐವತ್ತು, ಅರವತ್ತೈದು. ಜೀವಮಾನದಲ್ಲಿ ಅವಳು ಇಷ್ಟು ವೇಗ ಹೋಗಿರಲಿಲ್ಲ. ತಿರುವು ಹತ್ತಿರ ಬಂತು. "ತಿರುವು," ಎಂದಳು ಅಷ್ಟೇ, ತನ್ನ ಬ್ರೇಕನ್ನು ಮುಟ್ಟಲಿಲ್ಲ. ಅವನ ಕಾಲು ಎದ್ದು ಪಕ್ಕಕ್ಕೆ ಸರಿಯಿತು. ಅವಳ ಎದುರಿಗಿದ್ದ ಬ್ರೇಕು ತಾನಾಗಿಯೇ ಕೆಳಗಿಳಿಯಿತು, ಎಷ್ಟು ಬೇಕೋ ಅಷ್ಟೇ, ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ. ಕಾರು ಡ್ರಮ್ಮನ್ನು ಬಳಸಿಕೊಂಡು ತಿರುಗಿತು.

"ಈಗ ಬಂತು ನೋಡು ನಿನಗೆ ಡ್ರೈವಿಂಗು," ಎಂದ ಅವನು ಕಣ್ಣು ತೆರೆಯದೆ. "ಇಪ್ಪತ್ತೆರಡು ವರ್ಷ ಬೇಕಾಯ್ತು."

ಅವಳ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ನುಂಗಿಕೊಂಡಳು.

"ಹೂಂ ರೀ," ಎಂದಳು, "ಇನ್ನೊಂದು ಸುತ್ತು ಹೋಗೋಣ್ವಾ?" ಎಂದು ಕೇಳಿ, ಅವನ ಕಾಲು ನೆಲ ಒತ್ತುವುದನ್ನೇ ಕಾಯುತ್ತ ಕೂತಳು.