ಮಾರ್ಕಿಂಗ್ ಅಂದರೆ ಕಡಿಯುವುದಲ್ಲ

ಯಾರ ಮನೆಯ ಜಾಗ ಎಲ್ಲಿಗೆ ಮುಗಿಯುತ್ತದೆ ಎಂದು ನಮ್ಮ ಊರಿನಲ್ಲಿ ಕೇಳಬಾರದು. ಕೇಳಿದರೆ ಜಗಳ. ಒಬ್ಬರು ದಾಸವಾಳದ ಬೇಲಿ ತೋರಿಸುತ್ತಾರೆ. ಇನ್ನೊಬ್ಬರು, ಆ ಬೇಲಿ ಮೊದಲು ಅಲ್ಲಿರಲೇ ಇಲ್ಲ ಎನ್ನುತ್ತಾರೆ. ಬೇಲಿಗೂ ಕಾಲು ಬರುವ ಊರು ನಮ್ಮದು. ಕುಶಾಲನಗರದಿಂದ ಬಸ್ಸು ಹತ್ತಿದರೆ ಕಾಲುವೆ ದಾಟಿದ ಮೇಲೆ ಸಿಗುತ್ತದೆ. ಇಲ್ಲಿ ಅರ್ಧಕ್ಕರ್ಧ ಜನರ ಹಿರಿಯರು ಹಾಸನ, ಮೈಸೂರು ಕಡೆಯಿಂದ ಬಂದು ನೆಲೆ ನಿಂತವರು. ಬಂದರು, ಮನೆ ಕಟ್ಟಿದರು, ಮಕ್ಕಳ ಮದುವೆ ಮಾಡಿದರು. ಜಾಗ ಅಳೆಸುವುದನ್ನು ಮಾತ್ರ ಮರೆತರು.

ಹೀಗಿರುವಾಗ ಒಂದು ದಿನ ಪಂಚಾಯಿತಿಯ ಆಟೋ ಮೈಕು ಕಟ್ಟಿಕೊಂಡು ಬಂತು.

"ಗ್ರಾಮಸ್ಥರ ಗಮನಕ್ಕೆ. ಊರಿನ ಎಲ್ಲ ಮನೆಗಳನ್ನು ಡ್ರೋನ್ ಮೂಲಕ ಅಳತೆ ಮಾಡಲಾಗುವುದು. ನಾಳೆ ಮನೆಗಳ ಮಾರ್ಕಿಂಗ್ ನಡೆಯಲಿದೆ. ಎಲ್ಲರೂ ಮನೆಯಲ್ಲಿದ್ದು ಸಹಕರಿಸಬೇಕು."

ಆ ಮಾತು ಕೇಳಿಯೂ ನಾವೆಲ್ಲ ನಮ್ಮ ಪಾಡಿಗೆ ಕೆಲಸ ಮುಂದುವರಿಸಿದೆವು. ಸಣ್ಣಸ್ವಾಮಣ್ಣ ಮಾತ್ರ ಅಂಗಳದಲ್ಲಿ ನಿಂತವನು ನಿಂತ ಹಾಗೇ ಇದ್ದ. ಕಾಫಿ ಎಸ್ಟೇಟುಗಳಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಮರ ಕಡಿಯುವುದು ಅವನ ಕಸುಬು. ಮರದ ವ್ಯಾಪಾರಿಯೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರೂ ತೋಟದಲ್ಲಿ ನಡೆಯುತ್ತಾ ಹೋಗಿ ಮಾರಬೇಕಾದ ಮರಕ್ಕೆ ಬಣ್ಣದಲ್ಲಿ ನಂಬರು ಹಾಕುತ್ತಾರೆ. ಅದಕ್ಕೆ ಅಲ್ಲಿ ಮಾರ್ಕಿಂಗ್ ಎಂದು ಹೆಸರು. ಮಾರ್ಕಿಂಗ್ ಆದ ಮರ ಉಳಿದದ್ದನ್ನು ಸಣ್ಣಸ್ವಾಮಣ್ಣ ಕಂಡೇ ಇಲ್ಲ. ಉಳಿಯುವುದು ಹೇಗೆ, ಕಡಿಯುವವನು ಅವನೇ ಅಲ್ಲವೇ.

ಮರಕ್ಕೆ ಮಾರ್ಕಿಂಗ್ ಆದರೆ ಮರ ಹೋಗುತ್ತದೆ. ಮನೆಗೆ ಆದರೆ?

ಅವತ್ತು ಸಂಜೆ ಸಣ್ಣಸ್ವಾಮಣ್ಣನ ಮನೆಗೆ ಅನುಪಮಾ ಬಂದಳು. ಅನುಪಮಾ ನಮ್ಮ ಬೀದಿಯವಳೇ, ಪಂಚಾಯಿತಿ ಸದಸ್ಯೆ. ಸುಮ್ಮನೆ ಕೂರುವ ಜನವಲ್ಲ ಅವಳು. ಮೈಕಿನವನು ಹೇಳಿ ಹೋದದ್ದನ್ನು ಮನೆಮನೆಗೆ ಹೋಗಿ ಬಿಡಿಸಿ ಹೇಳುತ್ತಿದ್ದಳು.

"ಮಾರ್ಕಿಂಗ್ ಅಂದ್ರೆ ಸುಣ್ಣದ ಗೆರೆ, ಅಷ್ಟೇ ಸಣ್ಣಸ್ವಾಮಣ್ಣ. ನಿಮ್ಮ ಜಾಗ ಎಲ್ಲಿವರೆಗಿದೆ ಅಂತ ನೀವು ತೋರಿಸ್ಬೇಕು, ಅವರು ಸುತ್ತ ಸುಣ್ಣ ಹಾಕ್ತಾರೆ. ಡ್ರೋನು ಮೇಲಿಂದ ಫೋಟೋ ತೆಗೆಯುವಾಗ ಬಿಳಿ ಗೆರೆ ಚೆನ್ನಾಗಿ ಕಾಣುತ್ತೆ. ಅದನ್ನ ನೋಡಿ ನಕ್ಷೆ ಮಾಡ್ತಾರೆ. ಆಮೇಲೆ ನಿಮ್ಮ ಹೆಸರಿಗೆ ಆಸ್ತಿ ಕಾರ್ಡು ಬರುತ್ತೆ."

"ಎಸ್ಟೇಟಲ್ಲೂ ಅಂಗೇ ಹೇಳದು ಕಣವ್ವ," ಅಂದ ಸಣ್ಣಸ್ವಾಮಣ್ಣ. "ಬರೀ ನಂಬರ್ ಹಾಕ್ತೀವಿ ಅಂತಾರೆ. ಮುಂದಿನ್ ವಾರ ನಾನೇ ಗರಗಸ ತಕ್ಕಂಡ್ ಹೋಯ್ತೀನಿ."

"ಅದು ಮರ ಅಣ್ಣ. ಇದು ಮನೆ."

"ಮರಕ್ಕೂ ಅದೇ ಮಾತು, ಮನೆಗೂ ಅದೇ ಮಾತು. ನಂಬದೆಂಗೆ?"

ಅಷ್ಟರಲ್ಲಿ ಅವನ ಹೆಂಡತಿ ರಂಗಮ್ಮ ಒಳಗಿಂದ ಕಾಫಿ ತಂದಳು. ಅವಳ ಚಿಂತೆ ಬೇರೆ.

"ಅದ್ನೆಲ್ಲ ಬುಡು ಅನುಪಮಾ. ನಮ್ ಬಚ್ಚಲಿಗೆ ಸೂರಿಲ್ಲ, ಸುತ್ತ ತಟ್ಟಿ ಕಟ್ಟೀವಿ ಅಷ್ಟೇಯ. ಮನೇಲಿ ಸೊಸೆ ಅವ್ಳೆ. ಆ ಹಾಳಾದ್ದು ಮೇಲ್ ನಿಂತ್ಕಂಡು ನೋಡುದ್ರೆ ನಾವು ಎಲ್ಲಿಗೋಗಾದು?"

ಇದಕ್ಕೆ ಅನುಪಮಾ ನಗಲಿಲ್ಲ. ನಗುವ ಮಾತೂ ಅಲ್ಲ ಅದು.

"ಸರಿಯಾಗೇ ಕೇಳಿದ್ರಿ ರಂಗಮ್ಮಕ್ಕ. ಈ ಅಳತೆ ಡ್ರೋನು ತುಂಬ ಮೇಲೆ ಹಾರುತ್ತೆ. ಉಳುಮೆ ಮಾಡಿದ ಹಾಗೆ ಸಾಲು ಹಿಡ್ಕೊಂಡು ಹೋಗುತ್ತೆ, ಒಂದೇ ಕಡೆ ನಿಲ್ಲಲ್ಲ. ಯಾವತ್ತು, ಯಾವ ಹೊತ್ತಿಗೆ ಅಂತ ಮೊದಲೇ ಹೇಳ್ತೀವಿ. ಹಾರಿಸೋರು ಊರಲ್ಲೇ ನಿಂತಿರ್ತಾರೆ. ಗುರುತಿನ ಚೀಟಿ ತೋರಿಸಿ ಅಂತ ನೀವೇ ಕೇಳಬಹುದು."

"ಪೊಲೀಸ್ನೋರ್ದೂ ಒಂದೈತಂತಲ್ಲ?" ಸಣ್ಣಸ್ವಾಮಣ್ಣ ಕೇಳಿದ.

"ಇದೆ. ಜನ ಸೇರೋ ಕಡೆ ಕಾವಲಿಗೆ, ಕಾಣೆಯಾದವರನ್ನ ಹುಡುಕೋಕೆ ಹಾರಿಸ್ತಾರೆ. ಅರಣ್ಯದವರು ಆನೆ ಎಲ್ಲಿದೆ ಅಂತ ನೋಡೋಕೆ ಹಾರಿಸ್ತಾರೆ. ಆದ್ರೆ ಹೆಂಗಸರು ಸ್ನಾನ ಮಾಡೋದನ್ನ ಮೇಲಿಂದ ನೋಡೋ ಹಕ್ಕು ಯಾರಿಗೂ ಇಲ್ಲ, ಪೊಲೀಸರಿಗೂ ಇಲ್ಲ. ಯಾವುದಾದ್ರೂ ಡ್ರೋನು ಕೆಳಗಿಳಿದು ಬಚ್ಚಲ ಮೇಲೆ ನಿಂತ್ರೆ ತಕ್ಷಣ 112ಕ್ಕೆ ಫೋನ್ ಮಾಡಿ. ಅದು ಅಪರಾಧ."

ರಂಗಮ್ಮನಿಗೆ ಸ್ವಲ್ಪ ಸಮಾಧಾನವಾಯಿತು. ಸಣ್ಣಸ್ವಾಮಣ್ಣ "ಆಯ್ತು ಕಣವ್ವ, ಆಯ್ತು" ಎಂದು ತಲೆಯಾಡಿಸಿದ. ತಲೆಯಾಡಿಸುವುದು ಬೇರೆ, ಒಪ್ಪುವುದು ಬೇರೆ. ಅದು ಅನುಪಮಾಳಿಗೆ ಹೊಳೆಯಲಿಲ್ಲ. ಅವಳು ಕಾಫಿ ಕುಡಿದು ಪಕ್ಕದ ಮನೆಗೆ ಹೋದಳು.

ಮಾರನೆಯ ದಿನ ರಂಗಮ್ಮನೂ ಸೊಸೆ ರಂಜಿತಾಳೂ ಎಂದಿನಂತೆ ಎಸ್ಟೇಟಿನ ಜೀಪು ಹತ್ತಿ ಕಾಫಿ ಪಿಕಿಂಗಿಗೆ ಹೋದರು. ಮಗ ನವೀನ್ ಕುಶಾಲನಗರದಲ್ಲಿ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾನೆ, ಅವನೂ ಹೋದ. ಮನೆಯಲ್ಲಿ ಉಳಿದವನು ಸಣ್ಣಸ್ವಾಮಣ್ಣ ಒಬ್ಬನೇ. ಉಳಿದು ಅವನು ಮಾಡಿದ ಕೆಲಸ ಕೇಳಿದರೆ ನಿಮಗೂ ನನ್ನ ಹಾಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಸೌದೆಗೆಂದು ಎಸ್ಟೇಟಿನಿಂದ ತಂದ ಸಿಲ್ವರ್ ಕೊಂಬೆಗಳು ಅಂಗಳದಲ್ಲಿ ರಾಶಿ ಬಿದ್ದಿದ್ದವು. ಎಲೆ ಇನ್ನೂ ಉದುರಿರಲಿಲ್ಲ. ಅವನು ಏಣಿ ಹಾಕಿ, ಒಂದೊಂದೇ ಕೊಂಬೆಯನ್ನು ಮೇಲಕ್ಕೆಳೆದು, ಶೀಟಿನ ಮಾಡಿನ ಮೇಲೆಲ್ಲ ಹರಡಿದ. ಬಚ್ಚಲನ್ನೂ ಬಿಡಲಿಲ್ಲ. ಉಳಿದದ್ದನ್ನು ಮನೆಯ ಮುಂದೆ ಆಳೆತ್ತರ ಒಟ್ಟಿದ. ಬಾಗಿಲಿಗೆ ಬೀಗ ಹಾಕಿದ. ಆಮೇಲೆ ಓಣಿಯ ತಿರುವಿನಲ್ಲಿ ಹೋಗಿ ಕೂತ.

ಸುಣ್ಣದ ಬಕೆಟ್ಟು ಹಿಡಿದು ಇಬ್ಬರು ಬಂದರು. ಇಬ್ಬರೂ ಹೊರಗಿನವರು. ಮನೆ ತೋರಿಸಬೇಕಾಗಿದ್ದ ಪಂಚಾಯಿತಿಯ ಜವಾನ ಕಾಳನೂ ಅನುಪಮಾಳೂ ಆಗ ಇನ್ನೊಂದು ಬೀದಿಯಲ್ಲಿ ಯಾರದೋ ಬೇಲಿ ಜಗಳ ಬಿಡಿಸುತ್ತಿದ್ದರು.

"ಅಜ್ಜಾ, ಆ ಸೊಪ್ಪಿನ ಹಿಂದೆ ಇರೋದು ಯಾರ ಮನೆ?"

"ಮನೆ ಅಲ್ಲ ಸಾಮಿ, ಸೌದೆ ಶೆಡ್ಡು."

"ಜಾಗ ಯಾರದ್ದು?"

"ಯಾರ್ದೂ ಅಲ್ಲ. ಪಂಚಾಯ್ತಿದು."

ತನ್ನ ಅಪ್ಪ ಅರಕಲಗೂಡಿನಿಂದ ಗಾಡಿ ಕಟ್ಟಿಕೊಂಡು ಬಂದು, ಕಲ್ಲು ಹೊತ್ತು ಕಟ್ಟಿದ ಮನೆ. ತಾನು ಹುಟ್ಟಿದ್ದು, ತನ್ನ ಮಗ ಹುಟ್ಟಿದ್ದು ಅದೇ ಮನೆಯಲ್ಲಿ. ಅದನ್ನು ಒಂದೇ ಮಾತಿನಲ್ಲಿ ಯಾರದ್ದೂ ಅಲ್ಲ ಅಂದುಬಿಟ್ಟ. ಬಂದವರು ಮುಂದಿನ ಮನೆಗೆ ಹೋದರು. ಬಿಸಿಲೇರಿದ ಮೇಲೆ, ಮೈಕಿನಲ್ಲಿ ಹೊತ್ತು ಸಾರಿ ಬಿಟ್ಟ ಡ್ರೋನು ಗುಯ್ಯೆನ್ನುತ್ತಾ ಊರಿನ ಮೇಲೆ ಹಾದು ಹೋಯಿತು. ಸಣ್ಣಸ್ವಾಮಣ್ಣ ಮೇಲೆ ನೋಡಿ, ಗೆದ್ದೆ ಎಂದುಕೊಂಡ.

ಸಂಜೆ ಬಂದ ಸೊಸೆ, "ಮಾಡಿನ ಮೇಲೆ ಸೊಪ್ಪು ಯಾಕೆ ಮಾವ?" ಎಂದು ಕೇಳಿದಳು.

"ಶೀಟು ಕಾಯ್ತದೆ ಕಣವ್ವ, ತಂಪಿಗೆ," ಅಂದ.

ಬೇಸಿಗೆಯಲ್ಲಿ ಶೀಟಿನ ಮೇಲೆ ಸೊಪ್ಪು ಹಾಕುವವರು ನಮ್ಮಲ್ಲಿ ಇದ್ದಾರೆ. ಅವಳು ನಂಬಿದಳು. ಬಚ್ಚಲಿಗೂ ನೆರಳಾಯಿತಲ್ಲ ಎಂದು ರಂಗಮ್ಮ ಖುಷಿಪಟ್ಟಳು.

ದಿನಗಳು ಕಳೆದವು. ನಲ್ಲಿಯಲ್ಲಿ ನೀರು ಸಣ್ಣಗಾಗುವ ಹೊತ್ತಿಗೆ ಗ್ರಾಮಸಭೆ ಕರೆದರು. ಶಾಲೆಯ ಗೋಡೆಗೆ ಊರಿನ ಕರಡು ನಕ್ಷೆ ಅಂಟಿಸಿದ್ದರು. ಪಂಚಾಯಿತಿ ಅಧಿಕಾರಿ ಪಿಡಿಒ ಸಾಹೇಬರು ಎದ್ದು ನಿಂತು ನೀರಿನ ಟ್ಯಾಂಕಿನ ಮಾತೆತ್ತಿದರು.

"ಟ್ಯಾಂಕಿಗೆ ಜಾಗ ಬೇಕು. ಈ ನಕ್ಷೆಯಲ್ಲಿ ಅಂಗನವಾಡಿಯ ಹಿಂದೆ ಪಂಚಾಯಿತಿಯದೇ ಒಂದು ಖಾಲಿ ಜಾಗ ಕಾಣುತ್ತಿದೆ. ಗಿಡಮರ ಬೆಳೆದಿದೆ. ಅದನ್ನು ತೆರವು ಮಾಡಿಸಿದರೆ ಟ್ಯಾಂಕು ಕಟ್ಟಬಹುದು. ಯಾರದಾದರೂ ತಕರಾರು ಇದೆಯೇ?"

ಮೊದಲು ಎದ್ದವನು ಸಣ್ಣಸ್ವಾಮಣ್ಣ. ಅಂಗನವಾಡಿಯ ಹಿಂದೆ ಅಂದರೆ ತನ್ನ ಮನೆಯ ಹತ್ತಿರವೇ ಎಲ್ಲೋ ಟ್ಯಾಂಕು ಬರುತ್ತದೆ, ಮನೆಯವರಿಗೆ ನೀರು ಹೊರುವ ಕಷ್ಟ ತಪ್ಪುತ್ತದೆ ಎಂದು ಅವನ ಲೆಕ್ಕ.

"ಬೇಗ ಮಾಡಿ ಸಾಮಿ. ಮರ ಕಡಿಯಕ್ಕೆ ಬೇರೆಯೋರ್ನ ಕರೀಬೇಡಿ, ನಾನೇ ಬತ್ತೀನಿ."

ಕೆಲವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ರಂಜಿತಾ ನಕ್ಷೆಯ ಹತ್ತಿರ ಹೋಗಿ ನಿಂತಿದ್ದಳು. ಅಂಗನವಾಡಿಯ ಮೇಲೆ ಬೆರಳಿಟ್ಟಳು. ಅಲ್ಲಿಂದ ಓಣಿ, ಓಣಿಯ ತಿರುವು, ಈ ಕಡೆ ಅನುಪಮಾಳ ಮನೆ, ಆ ಕಡೆ ಜವರನ ಮನೆ. ಎರಡರ ನಡುವೆ ಬೆರಳು ನಿಂತಿತು. ಅಲ್ಲಿ ಬರೀ ಹಸಿರು. ಅವಳು ಮತ್ತೆ ಅಂಗನವಾಡಿಯಿಂದ ಶುರುಮಾಡಿದಳು. ಬೆರಳು ಮತ್ತೆ ಅದೇ ಹಸಿರಿಗೆ ಬಂತು.

"ಮಾವ," ಅಂದಳು, "ನಮ್ಮನೆ ಎಲ್ಲಿ?"

ಅವಳು ಕೂಗಿ ಹೇಳಲಿಲ್ಲ. ಆದರೂ ಎಲ್ಲರೂ ಅತ್ತ ತಿರುಗಿದರು. ಅನುಪಮಾ ಕುರ್ಚಿ ಬಿಟ್ಟೆದ್ದು ಬಂದು ನಕ್ಷೆ ನೋಡಿದಳು. ಅವಳಿಗೂ ಆ ಮನೆ ಸಿಗಲಿಲ್ಲ. ರಂಗಮ್ಮ ಜನರ ನಡುವೆ ನುಗ್ಗಿ ಬಂದು ಗೋಡೆಯ ಮೇಲೆ ಅಂಗೈಯನ್ನೇ ಇಟ್ಟಳು.

"ಬೆಳಿಗ್ಗೆ ರೊಟ್ಟಿ ತಟ್ಟಿ ಬಂದಿವ್ನಿ ಕಣ್ರವ್ವ. ಒಲೆ ಇನ್ನೂ ಆರಿರಕ್ಕಿಲ್ಲ. ಮನೆ ಇಲ್ಲ ಅಂದ್ರೆ ಏನರ್ಥ?"

ಹೇಳುತ್ತಾ ಹೇಳುತ್ತಾ ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತಳು. ಒಂದು ಗಳಿಗೆಯ ಹಿಂದೆ ನಾವು ಚಪ್ಪಾಳೆ ತಟ್ಟಿದ್ದು ಆ ಮನೆಯನ್ನು ಕೆಡವುವುದಕ್ಕೆ. ಕೆಡವಲು ನಾನೇ ಬರುತ್ತೇನೆ ಅಂದವನು ಮನೆಯ ಯಜಮಾನ.

ಮರ ಬೀಳುವಾಗ ಯಾವ ಕಡೆ ಓಡಬೇಕೆಂದು ಸಣ್ಣಸ್ವಾಮಣ್ಣನಿಗೆ ಗೊತ್ತು. ಅವತ್ತು ಮಾತ್ರ ಎಲ್ಲಿಗೆ ಹೋಗಬೇಕೋ ತಿಳಿಯದೆ ನಿಂತಿದ್ದ. ಕೊನೆಗೆ ಎಲ್ಲವನ್ನೂ ಒಪ್ಪಿಕೊಂಡ. ಸೊಪ್ಪು ಹಾಕಿದ್ದು, ಬೀಗ ಹಾಕಿದ್ದು, ಪಂಚಾಯಿತಿಯದು ಎಂದದ್ದು.

"ಮಾರ್ಕಿಂಗ್ ಅಂದ್ರಲ್ಲ ಸಾಮಿ," ಅಂದ. "ಮಾರ್ಕಿಂಗ್ ಆದ್ದು ಯಾವ್ದೂ ಉಳಿದಿದ್ ನಾ ಕಂಡಿಲ್ಲ. ಮನೆ ಉಳೀಲಿ ಅಂತ ಮಾಡ್ದೆ."

ಕೂತ ಕೊಂಬೆಗೇ ಗರಗಸ ಹಾಕುವುದು ಅಂದರೆ ಇದು. ಯಾರೂ ನಗಲಿಲ್ಲ. ನಗು ಬಂದವರೂ ರಂಗಮ್ಮನ ಮುಖ ನೋಡಿ ತಡೆದುಕೊಂಡರು.

ಪಿಡಿಒ ಸಾಹೇಬರು ರಂಗಮ್ಮನಿಗೆ ನೀರು ಕೊಡಿಸಿದರು. "ತಾಯಿ, ಇದು ಕರಡು. ಇನ್ನೂ ಕೊನೆಯ ನಕ್ಷೆಯಲ್ಲ. ತಪ್ಪಿದ್ದರೆ ತಿದ್ದಲಿ ಅಂತಲೇ ಗೋಡೆಗೆ ಹಾಕೋದು. ನೋಟಿಸಿನಲ್ಲಿರೋ ದಿನದೊಳಗೆ ಆಕ್ಷೇಪಣೆ ಬರೆದು ಕೊಡಿ. ಮನೆ ಕಂದಾಯದ ರಸೀದಿ, ಕರೆಂಟ್ ಬಿಲ್ಲು ಜೊತೆಗಿಡಿ. ಅಳೆಯೋರು ಮತ್ತೆ ಬರ್ತಾರೆ."

"ದಿನ ದಾಟಿದ್ರೆ?" ರಂಜಿತಾ ಕೇಳಿದಳು.

"ಆಗ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತೆ. ಇವತ್ತು ನೀನು ಬಂದು ನೋಡಿದ್ದು ಒಳ್ಳೇದಾಯ್ತಮ್ಮ."

ಅರ್ಜಿಯನ್ನು ಅನುಪಮಾ ಅಲ್ಲೇ ಬರೆಸಿದಳು. ಟ್ಯಾಂಕಿನ ಮಾತು ಅಲ್ಲಿಗೇ ನಿಂತಿತು. ಅಳೆಯುವವರು ಬರುವವರೆಗೆ ಆ ಮನೆಯಲ್ಲಿ ಯಾರಿಗೂ ತುತ್ತು ಸರಿಯಾಗಿ ಇಳಿಯಲಿಲ್ಲ. ಸಣ್ಣಸ್ವಾಮಣ್ಣ ಮಾಡಿನ ಮೇಲಿನ ಒಣಗಿದ ಕೊಂಬೆಗಳನ್ನೆಲ್ಲ ಇಳಿಸಿದ. ಅಂಗಳ ಗುಡಿಸಿದ. ಬಚ್ಚಲಿಗೆ ನವೀನ್ ಎರಡು ಶೀಟು ತಂದು ಸರಿಯಾದ ಸೂರು ಹಾಕಿದ. ಮೊದಲೇ ಮಾಡಬಹುದಿತ್ತು ಎಂದು ರಂಗಮ್ಮ ಗೊಣಗಿದಳು.

ಅಳೆಯುವವರು ಬಂದ ದಿನ ಮನೆಯವರು ಯಾರೂ ಕೆಲಸಕ್ಕೆ ಹೋಗಲಿಲ್ಲ. ಜವರನೂ ಅನುಪಮಾಳೂ ಬಂದು ತಮ್ಮ ತಮ್ಮ ಗಡಿ ತೋರಿಸಿದರು. ಎಲ್ಲರೂ ಒಪ್ಪಿದ ಕಡೆ ಸುಣ್ಣ ಬಿತ್ತು. ಸುಣ್ಣದ ಬಕೆಟ್ಟನ್ನು ರಂಗಮ್ಮ ಯಾರ ಕೈಗೂ ಕೊಡಲಿಲ್ಲ, ತಾನೇ ಹಿಡಿದು ಸುತ್ತ ಬಂದಳು.

ಎಲ್ಲ ಮುಗಿದ ಮೇಲೆ ಅಳೆಯುವವರಲ್ಲಿ ಒಬ್ಬರು ಪೆನ್ನು ತೆಗೆದರು. "ಯಜಮಾನ್ರೇ, ಮನೆ ಯಾರದ್ದು ಅಂತ ಬರ್ಕೊಳ್ಳಲಿ?"

ಸಣ್ಣಸ್ವಾಮಣ್ಣ ಬಾಯಿ ತೆರೆಯುವ ಮೊದಲೇ ರಂಗಮ್ಮ ಮುಂದೆ ಬಂದಳು.

"ಇವರ್ನ ಒಬ್ರನ್ನೇ ಕೇಳ್ಬೇಡಿ ಸಾಮಿ. ಹೋದ್ ಸಲ ಕೇಳಿದ್ದಕ್ಕೆ ಪಂಚಾಯ್ತಿದು ಅಂದ್ರು. ನನ್ ಹೆಸ್ರೂ ಬರ್ಕಳಿ."

"ಇಬ್ಬರ ಹೆಸರಿಗೆ ಮಾಡೋಕೆ ಬೇರೆ ಅರ್ಜಿ ಕೊಡಬೇಕು ರಂಗಮ್ಮಕ್ಕ," ಅಂದಳು ಅನುಪಮಾ. "ಕೊಡೋಣ. ನಾನು ಜೊತೆಗೆ ಬರ್ತೀನಿ."

ಎಲ್ಲರೂ ಸಣ್ಣಸ್ವಾಮಣ್ಣನ ಕಡೆ ನೋಡಿದರು. ಅವನು ಹೆಂಡತಿಯ ಸುಣ್ಣ ಮೆತ್ತಿದ ಕೈಗಳನ್ನು ನೋಡುತ್ತಿದ್ದ.

"ಅವಳ್ದೇ ಮೊದ್ಲು ಬರೀರಿ," ಅಂದ. "ಅವಳು ಯಾವತ್ತೂ ಇದು ನಮ್ದಲ್ಲ ಅಂದೋಳಲ್ಲ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿಗೂ ಡ್ರೋನು ಬರುತ್ತದೆ. ಗೊತ್ತಿಲ್ಲದ ಮಾತು ಕಿವಿಗೆ ಬಿದ್ದರೆ ಹೆದರಿ ಬೀಗ ಹಾಕಬೇಡಿ. ಏನು, ಯಾಕೆ ಎಂದು ಪಂಚಾಯಿತಿಗೆ ಹೋಗಿ ಕೇಳಿ. ಸುಣ್ಣ ಹಾಕುವ ದಿನ ಮನೆಯಲ್ಲಿರಿ, ನೆರೆಯವರನ್ನೂ ಕರೆದು ಗಡಿ ತೋರಿಸಿ. ಕರಡು ನಕ್ಷೆ ಹಾಕಿದಾಗ ದೂರದಿಂದ ನೋಡಿ ಬರಬೇಡಿ, ನಿಮ್ಮ ಮನೆಯ ಮೇಲೆ ಬೆರಳಿಟ್ಟು ನೋಡಿ. ತಪ್ಪಿದ್ದರೆ ಹೇಳಿದ ದಿನದೊಳಗೆ ಬರೆದು ಕೊಡಿ. ನಿಮ್ಮ ಮರ್ಯಾದೆಗೆ ಅಡ್ಡಿ ಬರುವ ಡ್ರೋನು ಕಂಡರೆ ಸುಮ್ಮನಿರಬೇಡಿ, 112ಕ್ಕೆ ಹೇಳಿ. ಅಷ್ಟೆತ್ತರದಲ್ಲಿ ಹಾರುವ ಯಂತ್ರಕ್ಕೆ ಮಾಡು ಕಾಣುತ್ತದೆ, ಅದರ ಕೆಳಗೆ ಬಾಳುವವರ ಹೆಸರು ಕಾಣುವುದಿಲ್ಲ. ಅದನ್ನು ನೀವೇ ಬಾಗಿಲಲ್ಲಿ ನಿಂತು ಹೇಳಬೇಕು.