ಅವ್ವನ ಹಲಗೆ

ನೈಯಿನ್ ಮುದುಕಿ ಸತ್ತಾಗ ಹೆಣದ ಪೆಟ್ಟಿಗೆ ಮಾಡಿಸಲು ಮನೆಯಲ್ಲಿ ಒಂದು ಹಲಗೆಯೂ ಇರಲಿಲ್ಲ. ಮಗ ಚಾಂಗ್‌ಗೆನ್ ಅವಳನ್ನು ಬಿದಿರು ಚಾಪೆಯಲ್ಲಿ ಸುತ್ತಿದ.

ಹಲಗೆ ಇಲ್ಲದ ಹೆಂಗಸಲ್ಲ ಅವಳು. ದಕ್ಷಿಣ ಚೀನಾದ ಆ ದೊಂಗ್ ಬುಡಕಟ್ಟಿನ ಹಳ್ಳಿಯ ಎಲ್ಲ ಮುದುಕರಂತೆ, ಕೂದಲು ನರೆಯುವಾಗಲೇ ತನ್ನ ಪೆಟ್ಟಿಗೆಗೆಂದು ಫರ್ ಮರ ಕೊಯ್ಯಿಸಿ, ಮನೆಯ ಕಂಬಗಳ ನಡುವೆ ಪೇರಿಸಿ, ವರ್ಷವರ್ಷವೂ ಎಣ್ಣೆ ಉಜ್ಜಿ ಕಾದಿಟ್ಟಿದ್ದಳು.

ಹೋದ ವರ್ಷ ಹೊಳೆ ಉಕ್ಕಿ, ಹೆಂಚಿನ ಮಾಡು ಹೊದ್ದ ಹಳೆಯ ಮರದ ಸೇತುವೆಯ ನೆಲ ಕಿತ್ತುಹೋಯಿತು. ಊರಿನ ಸೆಕ್ರೆಟರಿ ಲೂ ಮನೆಮನೆ ಸುತ್ತಿದ.

"ಹಸಿ ಮರ ಹಾಕಿದ್ರೆ ಸೊಟ್ಟಗಾಗ್ತದೆ ಅಜ್ಜಿ. ಒಣಗಿದ ಮರ ಇರೋದು ನಿಮ್ಮಂಥೋರ ಮನೇಲೇ."

ಮುದುಕಿ ನಕ್ಕಳು. "ತಗೊಂಡೋಗಪ್ಪ. ಗೋರಿಗುಡ್ಡ ಆಚೆ ದಡದಲ್ಲೈತೆ. ನಾಳೆ ನನ್ನ ಹೊತ್ಕೊಂಡು ಹೋಗೋದೂ ಅದರ ಮೇಲೇ ತಾನೇ?"

"ಆಗ ಬೇರೆ ಹಲಗೆ ನಾನೇ ತರಿಸಿಕೊಡ್ತೀನಿ. ನಾನೂ ನಿಮ್ಮ ಮಗನೇ ಅನ್ಕೊಳ್ಳಿ."

ಬಡಗಿ ಚಾಂಗ್‌ಗೆನ್ ಕೂಲಿ ಕೇಳದೆ, ಮೊಳೆ ಮುಟ್ಟದೆ, ಮರದ ಬೆಣೆ ಬಡಿದು ಊರಿನ ಮುದುಕರ ಹಲಗೆಗಳನ್ನೆಲ್ಲ ಸೇತುವೆಗೆ ಕೂರಿಸಿದ. ಕೆಲಸ ಮುಗಿಯಿತು. ಎರಡೂ ತುದಿಗೆ ಕಬ್ಬಿಣದ ಗೇಟು ಬಂತು. ಗೇಟಿಗೆ ಪ್ರವಾಸಿ ಕಂಪನಿಯ ಕಾವಲುಗಾರ ಬಂದ. ಕಂಪನಿಯಲ್ಲಿ ಲೂಗೂ ಪಾಲು.

ಈಗ ಚಾಪೆ ಹೊತ್ತವರು ಆ ಗೇಟಿನ ಮುಂದೆ ನಿಂತಿದ್ದರು.

"ಹೆಣ ಬಿಡಾಕಿಲ್ಲ," ಎಂದ ಕಾವಲುಗಾರ. "ಒಳಗೆ ಜನ ಫೋಟೋ ತೆಗೀತಾವ್ರೆ."

ಲೂ ಓಡಿಬಂದ. "ಹೊಳೇಲಿ ನೀರು ಕಮ್ಮಿ ಐತಲ್ಲಪ್ಪ. ಹಂಗೇ ಇಳಿದು ದಾಟಿಸಿಬಿಡಿ."

"ಹಲಗೆ ತರಿಸಿಕೊಡ್ತೀನಿ ಅಂದಿದ್ರಲ್ಲ?" ಎಂದ ಚಾಂಗ್‌ಗೆನ್.

"ಈ ಸೀಸನ್ ಒಂದು ಮುಗೀಲಿ, ತಡ್ಕೊಳ್ಳಯ್ಯ."

"ಅವ್ವಂಗೆ ಹೇಳ್ಲಾ? ಸೀಸನ್ ಮುಗಿಯೋಗಂಟ ಕೊಳೀಬೇಡ ಅಂತ?"

ಚಾಂಗ್‌ಗೆನ್ ಚಾಪೆ ಇಳಿಸಲು ಹೇಳಿ ಮನೆಗೆ ಹೋದ. ಬರುವಾಗ ಕೈಯಲ್ಲಿ ಕೊಡತಿ ಇತ್ತು. ಕಾವಲುಗಾರನನ್ನು ತಳ್ಳಿ ಒಳಗೆ ನುಗ್ಗಿದವನೇ, ಎಣ್ಣೆ ಹೀರಿ ಕಪ್ಪಾಗಿದ್ದ ಹಲಗೆಯ ಮುಂದೆ ಮಂಡಿಯೂರಿ ಬೆಣೆಗೆ ಬಡಿದ.

"ಏನ್ಲಾ ಮಾಡ್ತಿದ್ದೀಯ? ಸರ್ಕಾರದ ಆಸ್ತಿ ಕಣ್ಲಾ ಅದು!" ಲೂ ಕಿರುಚಿದ.

"ನಮ್ಮವ್ವನ ಪೆಟ್ಟಿಗೆ ಇದು."

ಬೆಣೆ ಹಾರಿತು. ಹಲಗೆ ಎದ್ದಿತು. ಸಂದಿಯಲ್ಲಿ ಹೊಳೆ ಕಂಡಿತು. ಫೋಟೋದವರು ಹಿಂದೆ ಸರಿದರು.

ಹೆಣದ ಹಿಂದೆ ಬಂದಿದ್ದ ಮುದುಕ ವೂ ಕೋಲೂರಿಕೊಂಡು ಒಳಗೆ ಬಂದ. ಪಕ್ಕದ ಹಲಗೆಯನ್ನು ಅಂಗೈಯಿಂದ ಸವರಿ, ಅದರ ಮೇಲೆಯೇ ಕುಕ್ಕರಿಸಿದ.

"ಇದು ನಂದು ಕಣ್ಲಾ ಮಗ. ನಿಂದು ಮುಗಿದ ಮೇಲೆ ಕೊಡತಿ ಇತ್ತ ಕೊಡು."

ಅವನ ಹಿಂದೆಯೇ ಊರಿನ ಮುದುಕ ಮುದುಕಿಯರು ನೆಲ ನೋಡುತ್ತ, ತಮ್ಮ ತಮ್ಮ ಹಲಗೆ ಹುಡುಕುತ್ತ ಸೇತುವೆಯೊಳಗೆ ಬರತೊಡಗಿದರು.