ಶಾರವ್ವನ ಇಲ್ಲದ ಅಕ್ಕ

ಸವಣೂರು ತಾಲೂಕಿನ ಹತ್ತಿಮತ್ತೂರಿನ ಶಾರವ್ವನ ಮನೆಯಲ್ಲಿ ಫೋನು ಒಂದೇ. ಹಗಲೆಲ್ಲ ಅದು ಗಂಡ ಉಳವಪ್ಪನ ಅಂಗಿಯ ಕಿಸೆಯಲ್ಲಿ, ಸಂಜೆ ಮೊಮ್ಮಗಳ ಕೈಯಲ್ಲಿ. ಶಾರವ್ವನ ಎಡ ಎದೆಯಲ್ಲಿ ಗೋಲಿಯಷ್ಟು ಗಂಟು ಕಾಣಿಸಿಕೊಂಡು ನಾಲ್ಕು ತಿಂಗಳಾಗಿತ್ತು. ಫೋನನ್ನು ಕೇಳಿದರೆ ಏನಾದರೂ ಹೇಳೀತು ಅಂತ ಒಮ್ಮೆ ಕೈಗೆ ತಗೊಂಡಿದ್ದಳು. ಆದರೆ ಒಬ್ಬರು ಹುಡುಕಿದ್ದು ಮುಂದೆ ಫೋನು ತೆರೆದವರ ಕಣ್ಣಿಗೂ ಬೀಳುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಹಾಗೇ ತಿರುಗಿ ಇಟ್ಟುಬಿಟ್ಟಳು.

ಅದರ ಬದಲು ಆಶಾ ಕಾರ್ಯಕರ್ತೆ ಕುಲಸುಮಬಿಯನ್ನು ಕೇಳಿದಳು.

"ಹಿರೇಕೆರೂರಾಗ ನಮ್ಮಕ್ಕ ಅದಾಳವಾ. ಆಕಿಗೆ ಎದ್ಯಾಗ ಗಂಟಾಗೇತಿ. ನೋವಂತೂ ಇಲ್ಲ. ಏನೂ ಆಗೂದಿಲ್ಲಲ್ಲ?"

"ನೋವಿಲ್ಲಂತ ಸುಮ್ನ ಕೂಡಬಾರದ್ರಿ ಶಾರಕ್ಕ. ಎಷ್ಟೋ ಸಲ ಎದಿ ಕ್ಯಾನ್ಸರ್ ಸುರುವಿಗೆ ನೋಯೂದ ಇಲ್ಲ. ಗಂಟೆಲ್ಲಾ ಕ್ಯಾನ್ಸರಲ್ಲ, ಖರೆ. ಆದ್ರ ತೋರಿಸದ ಹೆಂಗ ಗೊತ್ತಾಗಬೇಕು? ಲಗೂನ ತೋರಿಸಾಕ ಹೇಳ್ರಿ ನಿಮ್ಮಕ್ಕಗ."

ಹೇಳುತ್ತೇನೆ ಅಂತ ಶಾರವ್ವ ತಲೆಯಾಡಿಸಿದಳು. ಹಿರೇಕೆರೂರಿನ ಅಕ್ಕ ಮಾತ್ರ ದವಾಖಾನೆಯ ಕಡೆ ಹೊರಡಲೇ ಇಲ್ಲ.

ಮುಂದಿನ ವಾರ ಮಹಿಳಾ ಸಂಘದ ಸಭೆಗೆ ರುದ್ರೇಶ ಎಂಬವನು ಲ್ಯಾಪ್‌ಟಾಪ್ ಹಿಡಿದು ಬಂದ. ಎದೆ ಕ್ಯಾನ್ಸರ್ ತಪಾಸಣೆಯ ಗಾಡಿ ಎಲ್ಲಿ ನಿಲ್ಲಬೇಕು ಅಂತ ಗೊತ್ತುಮಾಡುವ ಸಂಸ್ಥೆಯವನು. ಬಂದವನೇ ಒಂದು ನಕ್ಷೆ ತೋರಿಸಿದ.

"ನೋಡ್ರಿ ಅವ್ವಾರ, ಯಾವ ಕಡೆ ಮಂದಿ ಇಂಟರ್ನೆಟ್ಟಿನ್ಯಾಗ ಈ ರೋಗದ ಬಗ್ಗೆ ಎಷ್ಟು ಹುಡುಕ್ಯಾರ ಅಂತ ಇದರಾಗ ಕಾಣಸ್ತೈತಿ. ಯಾರ ಹೆಸರೂ ಇರೂದಿಲ್ಲ. ಭಾಳ ಹುಡುಕಿದ ಕಡೆ ಕೆಂಪು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಬೆಳ್ಳಗ ಅದಾವು. ಅಂದ್ರ ಇಲ್ಲಿ ಮಂದಿಗೆ ಆಸಕ್ತಿ ಇಲ್ಲ. ಅದಕ್ಕ ನಾಲ್ಕೂ ತಾಲೂಕಿಗೆ ಕೂಡಿ ಅಕ್ಕಿಆಲೂರಾಗ ಒಂದ ದಿನ ಗಾಡಿ ನಿಲ್ಲಸ್ತೇವಿ."

ಅಕ್ಕಿಆಲೂರಿಗೆ ಬಸ್ಸು ಬದಲಿಸಿ ಹೋಗಿ ಬರಲು ಇಡೀ ದಿನ ಬೇಕು. ಮನೆಯಲ್ಲಿ ಏನಂತ ಹೇಳಿ ಹೋಗುವುದು? ಶಾರವ್ವನಿಗೆ ಮೈಯೆಲ್ಲ ಉರಿಯಿತು.

"ತಮ್ಮಾ, ಇಲ್ಲಿ ಕುಂತವ್ರಾಗ ಎಷ್ಟ ಮಂದಿಗೆ ಸ್ವಂತ ಫೋನ್ ಐತಿ, ಅದನ್ನರ ಕೇಳು."

ಇಪ್ಪತ್ತಾರು ಹೆಂಗಸರಲ್ಲಿ ಮೇಲೆದ್ದದ್ದು ನಾಲ್ಕು ಕೈ.

"ಇವ್ರು ನಿಮ್ಮ ನಕ್ಷಾದಾಗ ಬರೂದಿಲ್ರಿ ಸರ," ಅಂದಳು ಕುಲಸುಮಬಿ. "ಇವ್ರು ನನ್ನ ಕೇಳ್ತಾರ. ಅದೂ ಅಕ್ಕಗ ಆಗೇತಿ, ನಾದಿನಿಗೆ ಆಗೇತಿ ಅಂತ. ಆ ಅಕ್ಕಂದಿರು ಇನ್ನತನಕ ಒಬ್ರೂ ದವಾಖಾನಿಗೆ ಬಂದಿಲ್ಲ."

ರುದ್ರೇಶ ನಕ್ಕ. "ಹೆಸರಿಲ್ಲದ ಅಕ್ಕಂದಿರಿಗೆ ಗಾಡಿ ಹೆಂಗ ಕಳಸೂದ್ರಿ? ನಮ್ಮ ಸಾಹೇಬ್ರು ಒಪ್ಪೂದಿಲ್ಲ."

ಶಾರವ್ವ ಎದ್ದು ನಿಂತಳು.

"ಬರಕೋ ಹಂಗಾರ. ಹಿರೇಕೆರೂರಾಗ ನನಗ ಯಾವ ಅಕ್ಕನೂ ಇಲ್ಲ. ನಮ್ಮವ್ವಗ ನಾನ ಒಬ್ಬಾಕಿ. ಗಂಟು ನನಗ ಆಗೇತಿ. ಶಾರವ್ವ ಅಂತ ಬರಿ. ಕೇಳಾಕ ನಮ್ಮ ಕೈಯಾಗ ಫೋನಿಲ್ಲ. ಅದನ್ನ ನೀ ಆಸಕ್ತಿ ಇಲ್ಲಂತ ಬರದ್ರ ನಾ ಒಪ್ಪೂದಿಲ್ಲ."

ಆಮೇಲೆ ಹಿಂದಿನ ಸಾಲಿನಿಂದ ಸರೋಜವ್ವ, "ನನ್ನ ಹೆಸರೂ ಬರಕೋ ತಮ್ಮಾ" ಅಂದಳು. ನೋಡನೋಡುತ್ತ ಒಂಬತ್ತು ಹೆಸರಾದವು. ರುದ್ರೇಶನ ಮುಖದ ಮೇಲೆ ನಗು ಉಳಿದಿರಲಿಲ್ಲ.

"ತಪ್ಪು ನನ್ನದ್ರಿ ಅವ್ವಾರ," ಅಂದ. "ಮಂದಿ ಏನ್ ಹುಡುಕ್ಯಾರ ಅನ್ನೂದನ್ನ ಅಷ್ಟ ಈ ನಕ್ಷಾ ಹೇಳ್ತೈತಿ. ರೋಗ ಎಲ್ಲೈತಿ ಅಂತ ಹೇಳೂದಿಲ್ಲ. ಈ ಹೆಸರು ಸಾಹೇಬ್ರಿಗೆ ತೋರಿಸಿ ಗಾಡಿ ಇಲ್ಲಿಗೇ ಕೇಳ್ತೇನಿ."

ಶಾರವ್ವ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಉಳವಪ್ಪ ಮುಖ ಗಂಟಿಕ್ಕಿಕೊಂಡು ಕೂತಿದ್ದ.

"ಅಷ್ಟ ಮಂದಿ ಮುಂದ ಅದನ್ನ ಹೇಳೂದಿತ್ತೇನು? ನೋವಿಲ್ಲ ಏನಿಲ್ಲ. ತಾನ ಕರಗತೈತಿ."

"ಮಂದಿಗೆ ಅಂಜಿ ನಾಕ ತಿಂಗಳು ಸುಮ್ನಿದ್ದೆ. ಕರಗಿಲ್ಲ. ಇನ್ನ ನಾ ಅಂಜೂದಿಲ್ಲ. ಗಾಡಿ ಬಂದ ದಿನ ನಾ ಹೋಗಾಕಿನ. ನೀವು ಬರ್ತಿದ್ರ ಬರ್ರಿ."

ಉಳವಪ್ಪ ಎದ್ದು ಅವಳ ಹತ್ತಿರ ಬಂದ. "ನಾಕ ತಿಂಗಳು. ನನಗರ ಹೇಳಬಾರದಿತ್ತೇನ?" ಅಂದ. ಅವನ ಕಣ್ಣು ತುಂಬಿದ್ದವು.

ಗಾಡಿ ಹತ್ತಿಮತ್ತೂರಿಗೇ ಬಂತು. ಸಾಲಿನಲ್ಲಿ ಮೊದಲು ಶಾರವ್ವ, ಪಕ್ಕದಲ್ಲಿ ಉಳವಪ್ಪ. ಗಾಡಿಯವರು ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಅಂತಲೇ ಗೊತ್ತಾಯಿತು, ಆದರೆ ಸುರುವಿನ ಹಂತದ್ದು. ಆಪರೇಷನ್ ಆಗಿದೆ, ಚಿಕಿತ್ಸೆ ನಡೆದಿದೆ. ಸರೋಜವ್ವನದು ಬರೀ ನೀರುಗಂಟು, ಕ್ಯಾನ್ಸರಲ್ಲ. ಅವಳು ಈಗ ಹಾಯಾಗಿದ್ದಾಳೆ.

ಅಕ್ಕ ತಂಗಿಯರೇ, ಫೋನಿನಲ್ಲಿ ಹುಡುಕುವುದು ತಪ್ಪಲ್ಲ, ನಾಚಿಕೆಯ ಮಾತೂ ಅಲ್ಲ. ಆದರೆ ಫೋನು ಮೈ ಮುಟ್ಟಿ ನೋಡುವುದಿಲ್ಲ. ಅಣ್ಣಂದಿರೇ, ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ನೀವಾಗಿಯೇ ಕೇಳಿ, ಕೇಳಿದ ಮೇಲೆ ಜೊತೆಗೆ ಹೊರಡಿ. ನಾಳೆ ಮುಂಜಾನೆ ಸ್ನಾನ ಮಾಡುವಾಗ ಎದೆ, ಕಂಕುಳು ಮುಟ್ಟಿ ನೋಡಿಕೊಳ್ಳಿ. ಗಂಟು ಕೈಗೆ ಹತ್ತಿದರೆ ಅಡುಗೆಮನೆಗೆ ಹೋಗಬೇಡಿ, ನೇರ ಆಶಾ ಕಾರ್ಯಕರ್ತೆಯ ಮನೆಗೆ ನಡೆಯಿರಿ. ಆ ಒಂದು ದಿನ ರೊಟ್ಟಿ ಯಾರಾದರೂ ಬಡಿಯಲಿ.